ಅಲೆಯೇರುವವರ ಮೊದಲ ಹಲಗೆ

ಮೂವತ್ತು ವರ್ಷಗಳ ಹಿಂದೆ ನನ್ನ ವಿಜ್ಞಾನದ ತರಗತಿಯಲ್ಲಿ ಕುಳಿತಿದ್ದ, ಈಗ ಬೆಂಗಳೂರಿನಲ್ಲಿ ನೆಲೆಸಿರುವ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಒಂದು ಮಿಂಚಂಚೆ ಬರೆದಿದ್ದ. ಅವನ ಹದಿಮೂರು ವರ್ಷದ ಮಗಳು ರಜೆಯಲ್ಲಿ ಮೂಲ್ಕಿಗೆ ಬಂದು ಒಂದು ವಾರ ಸರ್ಫಿಂಗ್ ಕಲಿತು ಹೋಗಿದ್ದಾಳೆ. ಹಲಗೆಯ ಮೇಲೆ ಎದ್ದು ನಿಲ್ಲುವಷ್ಟು ಪಳಗಿದ್ದಾಳೆ. ಮುಂದಿನ ರಜೆಯೊಳಗೆ ಅವಳಿಗೆ ಸ್ವಂತದ ಹಲಗೆಯೊಂದನ್ನು ಕೊಡಿಸಬೇಕೆಂಬುದು ತಂದೆಯ ಆಸೆ. "ಮಾಸ್ಟ್ರೇ, ಅಂಗಡಿಯವರು ಎಪಾಕ್ಸಿ ಎನ್ನುತ್ತಾರೆ, ಗೆಳೆಯನೊಬ್ಬ ಪಿಯು ಎನ್ನುತ್ತಾನೆ, ಕಲಿಸಿದವರು ಮೆತ್ತನೆಯ ಹಲಗೆ ಸಾಕು ಎನ್ನುತ್ತಾರೆ. ದುಡ್ಡಿನ ಪ್ರಶ್ನೆಯಲ್ಲ, ಎಲ್ಲಕ್ಕಿಂತ ಒಳ್ಳೆಯದೇ ಆಗಬೇಕು. ಯಾವ ವಸ್ತು ಒಳ್ಳೆಯದು?" ಎಂಬುದು ಅವನ ಪ್ರಶ್ನೆ.

ನಾನು ಸರ್ಫ್ ಹಲಗೆಯ ಮೇಲೆ ಒಮ್ಮೆಯೂ ನಿಂತವನಲ್ಲ. ಆದರೆ ಈ ಕಡಲ ಕರೆಯಲ್ಲಿಯೇ ಹುಟ್ಟಿ ಬೆಳೆದವನು. ಮಕ್ಕಳಿಗೆ ಆರ್ಕಿಮಿಡೀಸನನ್ನೂ ನ್ಯೂಟನ್ನನನ್ನೂ ಕಲಿಸಿದವನು. ಫೈಬರ್ ದೋಣಿಗಳನ್ನು ದುರಸ್ತಿ ಮಾಡುವವರ ಅಂಗಳದಲ್ಲಿ ಅನೇಕ ಸಂಜೆಗಳನ್ನು ಕಳೆದವನು. ಹಲಗೆಯ ಪ್ರಶ್ನೆ ಬಹುಪಾಲು ಪದಾರ್ಥಗಳ ಪ್ರಶ್ನೆಯೇ ಆದ್ದರಿಂದ ಉತ್ತರಿಸಲು ಹೊರಟಿದ್ದೇನೆ. ಇದೇ ಪ್ರಶ್ನೆಯನ್ನು ನಮ್ಮ ಬಂಧುಗಳಲ್ಲಿಯೂ ಇಬ್ಬರು ಕೇಳಿದ್ದುಂಟು. ಆದುದರಿಂದ ಉತ್ತರ ಎಲ್ಲರ ಮುಂದೆಯೇ ಇರಲಿ.

ಹಿಂದೆ ನಮ್ಮೂರ ಮಕ್ಕಳಿಗೆ ಕಡಲೆಂದರೆ ಮೀನು, ದೋಣಿ ಮತ್ತು ಹಿರಿಯರ ಎಚ್ಚರಿಕೆ ಇಷ್ಟೇ ಆಗಿತ್ತು. 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. 'ಸರ್ಫಿಂಗ್ ಸ್ವಾಮಿ' ಎಂದೇ ಹೆಸರಾದ ಅಮೆರಿಕ ಮೂಲದ ಜ್ಯಾಕ್ ಹೆಬ್ನರ್ ಅದರ ಸ್ಥಾಪಕರು. ಅನಂತರದ ವರ್ಷಗಳಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿಯೂ ಪಣಂಬೂರಿನಲ್ಲಿಯೂ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದವು. 2021ರಲ್ಲಿ ಜಪಾನಿನಲ್ಲಿ ಈ ಕ್ರೀಡೆ ಒಲಿಂಪಿಕ್ಸಿಗೆ ಪ್ರವೇಶ ಪಡೆಯಿತು. ಹೀಗೆ ದೂರದ ದ್ವೀಪಗಳ ಆಟವೊಂದು ನಮ್ಮ ಮನೆಯ ಅಂಗಳಕ್ಕೆ ಬಂದಿರುವುದರಿಂದ ಅದರ ಸಾಮಗ್ರಿಯ ಬಗೆಗೆ ತಂದೆತಾಯಿಯರು ತಿಳಿದಿರುವುದು ಅಗತ್ಯ.

ಮರದಿಂದ ನೊರೆಗೆ

ಹಲಗೆಯ ಹುಟ್ಟೂರು ಹವಾಯಿ ದ್ವೀಪಸಮೂಹ. ಕ್ಯಾಪ್ಟನ್ ಕುಕ್‌ನ ಕೊನೆಯ ಯಾನದಲ್ಲಿ ಜೊತೆಗಿದ್ದ ಲೆಫ್ಟಿನೆಂಟ್ ಜೇಮ್ಸ್ ಕಿಂಗ್, 1779ರಲ್ಲಿ ಅಲ್ಲಿಯ ಜನ ಹಲಗೆಗಳ ಮೇಲೆ ಅಲೆಯೇರುವುದನ್ನು ಕಂಡು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅವರು ಬಳಸುತ್ತಿದ್ದ ಮರಗಳು ಮುಖ್ಯವಾಗಿ ಮೂರು: ಕೋಆ, ಉಲು ಮತ್ತು ವಿಲಿವಿಲಿ. ಉಲು ಎಂದರೆ ಬೇರೇನೂ ಅಲ್ಲ, ನಾವು ಪೋಡಿ ಮಾಡಿ ತಿನ್ನುವ ಜೀಗುಜ್ಜೆ. ವಿಲಿವಿಲಿ ಎಂಬುದು, ನಮ್ಮ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣದ ಕುಲಕ್ಕೇ ಸೇರಿದ ಮರ. ಹಾಲುವಾಣದ ಕೊರಡನ್ನು ಎತ್ತಿ ನೋಡಿದವರಿಗೆ ಅದು ಎಷ್ಟು ಹಗುರವೆಂಬುದು ಗೊತ್ತು. ಹಗುರವಾದ ವಿಲಿವಿಲಿಯಿಂದ ಮಾಡಿದ 'ಓಲೋ' ಎಂಬ ಬಹು ಉದ್ದದ ಹಲಗೆ ಅರಸುಮನೆತನದವರಿಗೆ ಮೀಸಲಾಗಿತ್ತು. ಯಾವ ವಸ್ತು ಯಾರ ಪಾಲಿಗೆ ಎಂಬ ಪ್ರಶ್ನೆ ಅಂದಿನಿಂದಲೂ ಇದೆ!

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಗಟ್ಟಿಮರದ ಹಲಗೆಗಳಲ್ಲಿ 40-50 ಕಿಲೋ ತೂಗುವವೂ ಇದ್ದವು. ಅವನ್ನು ನೀರಿನವರೆಗೆ ಹೊತ್ತೊಯ್ಯುವುದೇ ಒಂದು ವ್ಯಾಯಾಮ. ಟಾಮ್ ಬ್ಲೇಕ್ ಎಂಬಾತ 1920ರ ದಶಕದಲ್ಲಿ ಒಳಗೆ ಟೊಳ್ಳಾದ ಹಲಗೆ ಮಾಡಿ ತೂಕ ಇಳಿಸಿದ. 1935ರಲ್ಲಿ ಅಡಿಯಲ್ಲೊಂದು ರೆಕ್ಕೆ, ಅಂದರೆ ಫಿನ್, ಜೋಡಿಸಿ ದಿಕ್ಕು ತಪ್ಪದಂತೆ ಮಾಡಿದ. ದಕ್ಷಿಣ ಅಮೆರಿಕದ ಬಾಲ್ಸಾ ಮರವೂ ಬಳಕೆಗೆ ಬಂತು. ಎರಡನೆಯ ಮಹಾಯುದ್ಧದ ಬಳಿಕ ಗಾಜಿನ ನಾರಿನ ಬಟ್ಟೆ ಮತ್ತು ಪಾಲಿಯೆಸ್ಟರ್ ರೆಸಿನ್ ಪೇಟೆಗೆ ಬಂದಾಗ, ಮೆದು ಮರಕ್ಕೂ ನೀರು ಹೊಗದ ಗಟ್ಟಿ ಚರ್ಮ ದೊರೆಯಿತು. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಮರದ ಬದಲು ಪಾಲಿಯುರೆಥೇನ್ ನೊರೆಯ ತಿರುಳನ್ನು ತಂದರು. ಇದೇ ಇಂದಿನ 'ಪಿಯು' ಹಲಗೆ.

ಕ್ಲಾರ್ಕ್ ಮುಂದೆ ತಿರುಳು ತಯಾರಿಸುವ ಸ್ವಂತ ಕಾರ್ಖಾನೆ ನಡೆಸಿ, ಅಮೆರಿಕದ ಹಲಗೆಗಳ ಬಹುಪಾಲು ತಿರುಳನ್ನು ತಾನೊಬ್ಬನೇ ಪೂರೈಸುವಷ್ಟು ಬೆಳೆದ. 2005ರ ಡಿಸೆಂಬರ್ 5ರಂದು ಏಕಾಏಕಿ ಅದನ್ನು ಮುಚ್ಚಿದ. ಪರಿಸರ ಮತ್ತು ಸುರಕ್ಷತೆಯ ನಿಯಮಗಳ ಒತ್ತಡವನ್ನು ಕಾರಣವಾಗಿ ಕೊಟ್ಟ. ಅವನ ನೊರೆಗೆ ಬೇಕಾಗಿದ್ದ ರಾಸಾಯನಿಕ ಟಾಲೀನ್ ಡೈಐಸೊಸಯನೇಟ್. ಹೆಸರಿನ ಕೊನೆಯ ಭಾಗವನ್ನು ಗಮನಿಸಿರಿ. 1984ರ ಡಿಸೆಂಬರಿನಲ್ಲಿ ಭೋಪಾಲವನ್ನು ಸುಟ್ಟ ಮಿಥೈಲ್ ಐಸೊಸಯನೇಟ್ ಇದೇ ಬಳಗದ ಇನ್ನೊಂದು ವಸ್ತು. ಗಟ್ಟಿಯಾಗಿ ಸಿದ್ಧವಾದ ಹಲಗೆಯಿಂದ ಸವಾರನಿಗೆ ಆ ಅಪಾಯವಿಲ್ಲ. ಅಪಾಯವಿರುವುದು ತಯಾರಿಸುವವರ ಶ್ವಾಸಕೋಶಕ್ಕೆ. ಆ ಸೋಮವಾರದ ಬಳಿಕ ತಯಾರಕರು ಬೇರೆ ತಿರುಳುಗಳತ್ತ, ಮುಖ್ಯವಾಗಿ ಪಾಲಿಸ್ಟೈರೀನ್ ಕಡೆಗೆ, ಹೆಚ್ಚಾಗಿ ತಿರುಗಿದರು. ಅಂಗಡಿಯಲ್ಲಿ ಇಂದು ನಿಮಗೆ ಎರಡು ಮೂರು ಬಗೆಗಳು ಕಾಣುವುದರ ಹಿಂದೆ ಈ ಕಥೆಯೂ ಇದೆ.

ಮೂರು ಬಗೆಯ ಹಲಗೆಗಳು

ಯಾವ ಹಲಗೆಯಾದರೂ ಅದರಲ್ಲಿ ಮೂರು ಭಾಗ: ಒಳಗೆ ಹಗುರವಾದ ತಿರುಳು, ಹೊರಗೆ ಚರ್ಮ, ಬಹಳಷ್ಟು ಹಲಗೆಗಳಲ್ಲಿ ಉದ್ದಕ್ಕೂ ಬೆನ್ನೆಲುಬಿನಂತಹ ಒಂದು ತೆಳ್ಳನೆಯ ಮರದ ಪಟ್ಟಿ.

ಪಿಯು ಹಲಗೆಯಲ್ಲಿ ತಿರುಳು ಪಾಲಿಯುರೆಥೇನ್, ಚರ್ಮ ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರೆಸಿನ್. ನಮ್ಮ ಫೈಬರ್ ದೋಣಿಗಳ ಮೈಯೂ ಇದೇ ಜಾತಿಯದು. ಅಲೆಯ ಮೇಲೆ ಹದವಾಗಿ ಬಾಗುತ್ತದೆಂದು ಅನುಭವಿಗಳು ಇದನ್ನು ಮೆಚ್ಚುತ್ತಾರೆ. ಆದರೆ ಸಣ್ಣ ಪೆಟ್ಟಿಗೂ ತಗ್ಗು ಬೀಳುತ್ತದೆ, ಬಿಸಿಲಿಗೆ ಹಳದಿಗಟ್ಟುತ್ತದೆ.

ಎಪಾಕ್ಸಿ ಹಲಗೆಯಲ್ಲಿ ಸಾಮಾನ್ಯವಾಗಿ ತಿರುಳು ಇಪಿಎಸ್. ಹೆಸರು ಕೇಳಿ ಬೆದರಬೇಡಿರಿ; ಗಣೇಶನ ಮಂಟಪಕ್ಕೂ ಶಾಲೆಯ ವಿಜ್ಞಾನ ಮಾದರಿಗಳಿಗೂ ನೀವು ಕತ್ತರಿಸಿ ಅಂಟಿಸಿದ ಥರ್ಮಾಕೋಲಿನ ದಟ್ಟವಾದ ರೂಪ ಅದು. ಅದರ ಮೇಲೆ ಗಾಜಿನ ನಾರು, ಎಪಾಕ್ಸಿ ರೆಸಿನ್. ಪಿಯುಗಿಂತ ಹಗುರ, ಪೆಟ್ಟಿಗೆ ಹೆಚ್ಚು ಗಟ್ಟಿ, ಬೆಲೆಯೂ ಸಾಮಾನ್ಯವಾಗಿ ಹೆಚ್ಚು.

ಮೂರನೆಯದು ಮೆತ್ತನೆಯ ಹಲಗೆ. ಅಂಗಡಿಯ ಭಾಷೆಯಲ್ಲಿ ಸಾಫ್ಟ್ ಟಾಪ್. ತಿರುಳು ಇದರಲ್ಲಿಯೂ ಹೆಚ್ಚಾಗಿ ಥರ್ಮಾಕೋಲಿನ ಜಾತಿಯದೇ. ಮೇಲೆ ಯೋಗಾಸನದ ಚಾಪೆಯನ್ನು ಹೋಲುವ ಪಾಲಿಎಥಿಲೀನ್ ನೊರೆಯ ಹೊದಿಕೆ, ಅಡಿಯಲ್ಲಿ ನುಣುಪಾದ ಪ್ಲಾಸ್ಟಿಕ್ ಹಾಳೆ, ಬಾಗುವ ರೆಕ್ಕೆಗಳು. ನೋಡಲು ಆಟದ ಸಾಮಾನಿನಂತೆ ಕಾಣುತ್ತದೆ. ಸರ್ಫಿಂಗ್ ಶಾಲೆಗಳಲ್ಲಿ ರಾಶಿ ಹಾಕಿರುವುದು ಇದನ್ನೇ.

ಇವಲ್ಲದೆ ಮರದ ಹಲಗೆಗಳೂ, ಇಂಗಾಲದ ನಾರು ಸೇರಿಸಿದವೂ ಇವೆ. ಮೊದಲನೆಯದು ಕುಶಲಕರ್ಮಿಯ ಪ್ರೀತಿಗೆ, ಎರಡನೆಯದು ಪಳಗಿದವರ ವೇಗಕ್ಕೆ. ಹೊಸಬರಿಗೆ ಎರಡೂ ಬೇಡ.

ತೇಲುವಿಕೆಯ ಲೆಕ್ಕ

"ಎಪಾಕ್ಸಿ ಹೆಚ್ಚು ತೇಲುತ್ತದೆ, ಆದ್ದರಿಂದ ಹೊಸಬರಿಗೆ ಸುಲಭ" ಎಂಬ ಮಾತನ್ನು ಮಾರುವವರು ಹೇಳುತ್ತಾರೆ. ಮಾತು ಸುಳ್ಳಲ್ಲ, ಆದರೆ ಎಷ್ಟು ನಿಜ? ಕಾಗದ ಪೆನ್ಸಿಲು ತೆಗೆದುಕೊಳ್ಳಿರಿ.

ಕಡಲ ನೀರು ಲೀಟರಿಗೆ ಸುಮಾರು 1.025 ಕಿಲೋ ತೂಗುತ್ತದೆ. 60 ಲೀಟರ್ ಗಾತ್ರದ ಹಲಗೆ ಪೂರ್ತಿ ಮುಳುಗಿದರೆ ಆರ್ಕಿಮಿಡೀಸನ ನಿಯಮದಂತೆ ಸುಮಾರು 61.5 ಕಿಲೋ ಭಾರವನ್ನು ನೀರು ಎತ್ತಿ ಹಿಡಿಯುತ್ತದೆ. ಇದರಲ್ಲಿ ಹಲಗೆಯ ಸ್ವಂತ ತೂಕ ಕಳೆಯಬೇಕು. ಪಿಯು ತಿರುಳು ಲೀಟರಿಗೆ ಸುಮಾರು 45 ಗ್ರಾಂ ಎಂದುಕೊಂಡರೆ 60 ಲೀಟರಿಗೆ 2.7 ಕಿಲೋ. ಇಪಿಎಸ್ ಲೀಟರಿಗೆ ಸುಮಾರು 25 ಗ್ರಾಂ ಎಂದುಕೊಂಡರೆ 1.5 ಕಿಲೋ. ವ್ಯತ್ಯಾಸ 1.2 ಕಿಲೋ ಮಾತ್ರ; ಅಂದರೆ ಅರುವತ್ತರಲ್ಲಿ ನೂರಕ್ಕೆ ಎರಡು ಪಾಲು. ಹಲಗೆಯನ್ನು ಒಂದು ಸೆಂಟಿಮೀಟರಿನಷ್ಟು ಅಗಲ ಮಾಡಿದರೆ ಆ ವ್ಯತ್ಯಾಸ ತುಂಬಿಹೋಗುತ್ತದೆ.

ಹಾಗಾದರೆ ಹೊಸಬರನ್ನು ತೇಲಿಸುವುದು ಗಾತ್ರ. ವಸ್ತುವಿನ ಪಾಲು ಅದರಲ್ಲಿ ಅಲ್ಪ. ಕಲಿಯುವವರ ತೂಕ ಎಷ್ಟು ಕಿಲೋ ಇದೆಯೋ ಕನಿಷ್ಠ ಅಷ್ಟು ಲೀಟರ್ ಗಾತ್ರ ಇರಲಿ, ಇನ್ನೂ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು ಎಂಬುದು ಕಲಿಸುವವರ ಸ್ಥೂಲ ಲೆಕ್ಕ. 45 ಕಿಲೋ ತೂಕದ ಹುಡುಗಿಗೆ 60 ಲೀಟರಿನ, ಏಳು ಏಳೂವರೆ ಅಡಿಯ ಅಗಲವಾದ ಹಲಗೆ ಸಾಕು. ಅದನ್ನು ಕಂಕುಳಲ್ಲಿಟ್ಟು ತಾನೇ ಹೊತ್ತು ನಡೆಯಲು ಅವಳಿಗೆ ಸಾಧ್ಯವಾಗಬೇಕು. ಸ್ಪರ್ಧಿಗಳ ಚೂಪು ಮೂತಿಯ ಸಣ್ಣ ಹಲಗೆ ಕೊಡಿಸಿದರೆ, ಅದು ಎಷ್ಟೇ ಬೆಲೆಯ ವಸ್ತುವಿನಿಂದ ಆಗಿದ್ದರೂ, ಅವಳು ಎದೆಮಟ್ಟ ನೀರಿನಲ್ಲಿ ಕೈಬಡಿಯುತ್ತಲೇ ಉಳಿಯುತ್ತಾಳೆ.

ವಸ್ತು ಬೇರೆ ಎರಡು ಕಡೆ ತನ್ನ ಗುಣ ತೋರಿಸುತ್ತದೆ. ಹಲಗೆ ಮೈಗೆ ಬಡಿದಾಗ ಒಮ್ಮೆ, ಬಿಸಿಲಿನಲ್ಲಿ ಇಟ್ಟಾಗ ಇನ್ನೊಮ್ಮೆ.

ಪೆಟ್ಟಿನ ಪಾಠ

ಒಂಬತ್ತನೆಯ ತರಗತಿಯ ಪಾಠ ನೆನಪಿದೆಯೇ? ವೇಗವಾಗಿ ಬರುವ ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಚೆಂಡಿನ ಸಂವೇಗ ಅಷ್ಟೇ; ಅದು ನಿಲ್ಲಲು ಹಿಡಿಯುವ ಕಾಲ ಹೆಚ್ಚಿದಷ್ಟೂ ಅಂಗೈಗೆ ಬೀಳುವ ಬಲ ಕಡಮೆ. ಮೆತ್ತನೆಯ ಹೊದಿಕೆ ಮಾಡುವ ಕೆಲಸವೂ ಇದೇ. ಗಾಜಿನ ನಾರಿನ ಅಂಚು ಹಣೆಗೆ ಬಡಿದಾಗ ಬಾಗುವುದು ಹಣೆಯೇ ಹೊರತು ಹಲಗೆಯಲ್ಲ. ನೊರೆಯ ಹೊದಿಕೆ ತಾನೇ ತಗ್ಗಿ, ಬಡಿತದ ಕಾಲವನ್ನು ಹಿಗ್ಗಿಸುತ್ತದೆ.

ಹೊಸಬರು ಬೀಳುವುದು ಒಂದು ಸಲವಲ್ಲ, ಗಂಟೆಗೆ ಹತ್ತಾರು ಸಲ. ಹಲಗೆಯನ್ನು ಕಾಲಿಗೆ ಕಟ್ಟಿರುವ ಹಗ್ಗ ರಬ್ಬರಿನಂತೆ ಹಿಗ್ಗುವಂಥದು. ಬಿದ್ದವರ ಕಡೆಗೇ ಹಲಗೆಯನ್ನು ಅದು ಮರಳಿ ಎಳೆದು ತರಬಲ್ಲದು. ಕೆಲವು ವರ್ಷಗಳ ಹಿಂದೆ ನಮ್ಮ ತೀರದಲ್ಲಿ ಬಾಡಿಗೆಯ ಗಟ್ಟಿ ಹಲಗೆಯೊಂದು ಹೀಗೆ ಮರಳಿ ಬಂದು ಹುಡುಗನೊಬ್ಬನ ಹುಬ್ಬು ಸೀಳಿತ್ತು. ಅವನ ತಾಯಿ ಸೆರಗಿನಿಂದ ರಕ್ತ ಒತ್ತಿ ಹಿಡಿದು ಆಟೋರಿಕ್ಷಾ ಹತ್ತಿದುದನ್ನು ನಾನೇ ನೋಡಿದ್ದೇನೆ. ನಾಲ್ಕು ಹೊಲಿಗೆ ಬಿದ್ದವು, ಗಾಯವೇನೋ ಮಾಯಿತು. ಆ ಹುಡುಗ ಮಾತ್ರ ಮತ್ತೆ ನೀರಿಗೆ ಇಳಿಯಲಿಲ್ಲ.

ಗಣಿತದ ತರಗತಿಗಳಲ್ಲಿ ನಾನು ಇದನ್ನೇ ಕಂಡಿದ್ದೇನೆ. ಮೊದಲ ತಪ್ಪಿಗೇ ಬೆತ್ತದ ಪೆಟ್ಟು ತಿಂದ ಮಗು ಲೆಕ್ಕವನ್ನಲ್ಲ, ಲೆಕ್ಕದ ಪುಸ್ತಕವನ್ನೇ ದ್ವೇಷಿಸತೊಡಗುತ್ತದೆ. ಅಕ್ಷರ ಕಲಿಯುವವರಿಗೆ ಹಿಂದಿನವರು ಸ್ಲೇಟು ಕೊಟ್ಟದ್ದು ಕಾಗದ ದುಬಾರಿಯೆಂದು ಮಾತ್ರವಲ್ಲ. ತಪ್ಪನ್ನು ಅಂಗೈಯಿಂದ ಒರಸಿ ಮತ್ತೆ ಬರೆಯಬಹುದೆಂದು. ಮೆತ್ತನೆಯ ಹಲಗೆ ಸರ್ಫಿಂಗಿನ ಸ್ಲೇಟು.

ಆದರೆ ಮೆತ್ತನೆಯದು ಎಂದೊಡನೆ ನಿರಪಾಯ ಎಂದು ಭಾವಿಸಬಾರದು. ಅಲೆಯ ವೇಗದಲ್ಲಿ ಬರುವ ಐದಾರು ಕಿಲೋ ಭಾರ ಯಾವ ಹೊದಿಕೆಯಲ್ಲಿದ್ದರೂ ನೋಯಿಸುತ್ತದೆ. ಕೆಲವು ಹಲಗೆಗಳಲ್ಲಿ ಮೇಲ್ಮೈ ಮಾತ್ರ ಮೆತ್ತಗಿದ್ದು ಅಂಚು, ಅಡಿ, ರೆಕ್ಕೆಗಳು ಗಟ್ಟಿಯಾಗಿರುವುದುಂಟು. ಕೊಳ್ಳುವಾಗ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿರಿ, ರೆಕ್ಕೆಯನ್ನು ಬಾಗಿಸಿ ನೋಡಿರಿ, ರೆಕ್ಕೆಯ ತಿರುಪುಗಳ ಮೊನೆ ಎಲ್ಲಿಯೂ ಹೊರಚಾಚಿರದಂತೆ ನೋಡಿಕೊಳ್ಳಿರಿ. ಬಿದ್ದ ಕೂಡಲೇ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಮೇಲೇಳುವ ಅಭ್ಯಾಸವನ್ನು ಯಾವ ವಸ್ತುವೂ ಕಲಿಸದು. ಅದನ್ನು ಗುರುವಿನಿಂದಲೇ ಕಲಿಯಬೇಕು.

ಬಿಸಿಲು ಮತ್ತು ಬಿರುಕು

ನಮ್ಮ ಕರಾವಳಿಯ ಬಿಸಿಲಿಗೆ ಮೂರೂ ಬಗೆಯ ಹಲಗೆಗಳು ಬಳಲುತ್ತವೆ. ಅದರಲ್ಲಿಯೂ ಥರ್ಮಾಕೋಲ್ ಜಾತಿಯ ತಿರುಳಿನ ಮಣಿಗಳೊಳಗೆ ಮತ್ತು ನಡುವೆ ಗಾಳಿಯಿದೆ. ಕಾದಾಗ ಗಾಳಿ ಹಿಗ್ಗಿ, ಹೊದಿಕೆ ತಿರುಳಿನಿಂದ ಬೇರ್ಪಟ್ಟು ಹಪ್ಪಳದಂತೆ ಉಬ್ಬುತ್ತದೆ. ಮುಚ್ಚಿದ ಕಾರಿನೊಳಗೆ ಮಧ್ಯಾಹ್ನ ಹಲಗೆ ಇಟ್ಟು ಊಟಕ್ಕೆ ಹೋಗುವವರು ಮರಳಿ ಬಂದಾಗ ಕಾಣುವುದು ಇದನ್ನೇ. ಕಪ್ಪು ಅಥವಾ ಗಾಢ ಬಣ್ಣದ ಹಲಗೆ ಇನ್ನೂ ಬೇಗ ಕಾಯುತ್ತದೆ. ನಮ್ಮ ಕಡೆಗೆ ತಿಳಿ ಬಣ್ಣವೇ ಲೇಸು. ಇಡುವ ಜಾಗ ಚಾವಡಿಯ ನೆರಳಾಗಲಿ, ಪಡುವಣ ಬಿಸಿಲಿನ ಗೋಡೆ ಬೇಡ.

ಬಿರುಕು ಬಿಟ್ಟರೆ? ಇಪಿಎಸ್ ತಿರುಳು ಮಣಿಗಳ ಸಂದಿಯಲ್ಲಿ ನೀರು ಎಳೆದುಕೊಳ್ಳುತ್ತದೆ; ಪಿಯು ಸ್ವಲ್ಪ ನಿಧಾನ. ಎರಡರಲ್ಲಿಯೂ ಬಿರುಕು ಕಂಡೊಡನೆ ನೀರಿನಿಂದ ಹೊರಬರಬೇಕು, ಬಿರುಕು ಕೆಳಮುಖವಾಗುವಂತೆ ನೆರಳಿನಲ್ಲಿ ನಿಲ್ಲಿಸಿ ಕೆಲವು ದಿನ ಒಣಗಿಸಬೇಕು. ಒದ್ದೆಯನ್ನು ಒಳಗಿಟ್ಟು ಮುಚ್ಚಿದರೆ ಅದು ಒಳಗೇ ಉಳಿಯುತ್ತದೆ.

ಇಲ್ಲಿ ಕರಾವಳಿಯವರಿಗೊಂದು ವಿಶೇಷ ಎಚ್ಚರಿಕೆ ಹೇಳಬೇಕು. ನಮ್ಮ ಬಂದರುಗಳಲ್ಲಿ ಫೈಬರ್ ದೋಣಿಗೆ ತೇಪೆ ಹಾಕುವ ನುರಿತ ಕೈಗಳಿವೆ. ಪಿಯು ಹಲಗೆಯನ್ನು ಅವರ ಕೈಗೆ ಕೊಡಬಹುದು. ಅದೇ ಗಾಜಿನ ನಾರು, ಅದೇ ಪಾಲಿಯೆಸ್ಟರ್ ರೆಸಿನ್, ಅದೇ ಹಾರ್ಡನರ್. ಆದರೆ ಥರ್ಮಾಕೋಲ್ ತಿರುಳಿನ ಹಲಗೆಗೆ ದೋಣಿಯ ರೆಸಿನ್ ಸುರಿದರೆ ಏನಾಗುತ್ತದೆ? ಥರ್ಮಾಕೋಲ್ ಚೂರಿನ ಮೇಲೆ ಪೆಟ್ರೋಲ್ ಹನಿಸಿದಾಗ ಅದು ಕರಗಿ ಅಂಟಾಗುವುದನ್ನು ಪ್ರಯೋಗಶಾಲೆಯಲ್ಲಿ ತೋರಿಸಿದ್ದೆನಲ್ಲ, ಹಾಗೆಯೇ. ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ದ್ರವ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಮೇಲೆ ತೇಪೆ ಅಂದವಾಗಿ ಕೂತಂತೆ ಕಂಡರೂ ಒಳಗೆ ಗುಳಿ ಬಿದ್ದಿರುತ್ತದೆ. ಅದಕ್ಕೆ ಎಪಾಕ್ಸಿಯೇ ಆಗಬೇಕು. ಎಪಾಕ್ಸಿಯನ್ನು ಪಿಯು ಹಲಗೆಗೂ ಹಚ್ಚಬಹುದು. ಆದ್ದರಿಂದ ನಿಮ್ಮ ಹಲಗೆ ಯಾವುದೆಂದು ತಿಳಿಯದಿದ್ದರೆ ಎಪಾಕ್ಸಿಯನ್ನೇ ಬಳಸಿರಿ. ಹಚ್ಚುವವರು ಕೈಗವಸು ತೊಟ್ಟು, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಲಿ.

ಮೆತ್ತನೆಯ ಹಲಗೆಯ ದೊಡ್ಡ ದೋಷವೂ ಇಲ್ಲಿಯೇ ಇದೆ. ಅದರ ಹೊದಿಕೆ ಹರಿದು ತಿರುಳಿಗೆ ನೀರು ಹೊಕ್ಕರೆ ದುರಸ್ತಿ ಕಷ್ಟ, ಆಯುಸ್ಸೂ ಕಡಮೆ. ಮುರಿದು ಬಿಸಾಡಿದಾಗ ಅದರ ಬಿಳಿ ಮಣಿಗಳು ಮರಳಿನಲ್ಲಿ ಹರಡುತ್ತವೆ. ಹೆಕ್ಕಿ ಮುಗಿಸಲು ಯಾರಿಂದಲೂ ಆಗದು. ಅಗ್ಗವೆಂದು ವರ್ಷಕ್ಕೊಂದು ಕೊಂಡು ವರ್ಷಕ್ಕೊಂದು ಎಸೆಯುವುದಾದರೆ ಅದು ಕಡಲಿಗೆ ದುಬಾರಿ.

ಏನು ಮಾಡಬೇಕು?

ನನ್ನ ಸಲಹೆ ಹೀಗಿದೆ. ಮೊದಲ ರಜೆಗಳಲ್ಲಿ ಹಲಗೆ ಕೊಳ್ಳಲೇಬೇಡಿರಿ. ಕಲಿಸುವ ಶಾಲೆಯ ಮೆತ್ತನೆಯ ಹಲಗೆಯನ್ನೇ ಬಾಡಿಗೆಗೆ ಪಡೆಯಿರಿ. ಬೆಂಗಳೂರಿನ ಮನೆಯಲ್ಲಿ ವರ್ಷದ ಹನ್ನೊಂದು ತಿಂಗಳು ಹಲಗೆ ಗೋಡೆಗೊರಗಿ ನಿಲ್ಲುವುದಾದರೆ ಅದು ಅಲಂಕಾರ, ಕಲಿಕೆಯಲ್ಲ. ಆಸಕ್ತಿ ಎರಡನೆಯ ವರ್ಷಕ್ಕೂ ಉಳಿದು, ಮಗು ತಾನಾಗಿ ಕೇಳಿದರೆ, ಮೆತ್ತನೆಯದರಲ್ಲಿಯೇ ತುಸು ಬಾಳಿಕೆ ಬರುವಂಥದನ್ನು, ಸಾಧ್ಯವಾದರೆ ಬಳಸಿದ್ದನ್ನು, ಎತ್ತಿ ನೋಡಿ ನೀರು ಕುಡಿದಿಲ್ಲವೆಂದು ಖಚಿತಪಡಿಸಿಕೊಂಡು ಕೊಳ್ಳಿರಿ. ಅಲೆ ಮುರಿದು ನೊರೆಯಾಗುವ ಮುನ್ನವೇ ಅದನ್ನು ಹಿಡಿದು, ಎಡಕ್ಕೂ ಬಲಕ್ಕೂ ತಿರುಗಿಸಲು ಬಂದ ಮೇಲೆ ಗಟ್ಟಿ ಹಲಗೆಯ ಮಾತು. ಆಗ ಎಪಾಕ್ಸಿಯೋ ಪಿಯುವೋ ಎಂಬುದನ್ನು ಅವಳ ಪಾದಗಳೇ ಹೇಳುತ್ತವೆ. ಆಗಾಗ ಬಡಿಸಿಕೊಳ್ಳುವವರಿಗೆ ಎಪಾಕ್ಸಿ ತಾಳಿಕೆಯದು. ಬಂದರಿನ ಪಕ್ಕದಲ್ಲಿದ್ದು ಸುಲಭ ದುರಸ್ತಿ ಬಯಸುವವರಿಗೆ ಪಿಯು ಅನುಕೂಲ.

ದುಡ್ಡು ಉಳಿಯಿತಲ್ಲ, ಅದನ್ನು ಇನ್ನೊಂದು ವಾರದ ಪಾಠಕ್ಕೂ ಈಜಿನ ತರಬೇತಿಗೂ ಬಳಸಿರಿ. ಈಜು ಬಾರದವರಿಗೆ ಯಾವ ಹಲಗೆಯೂ ಒಳ್ಳೆಯದಲ್ಲ. ಮಳೆಗಾಲದ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೊಸಬರು ಇಲ್ಲಿಯ ಕಡಲಿಗೆ ಇಳಿಯುವ ಮಾತೇ ಬೇಡ.

ತಂದೆಯಾದವನು ಮಗಳಿಗೆ ಎಲ್ಲಕ್ಕಿಂತ ಒಳ್ಳೆಯದನ್ನು ಕೊಡಿಸಲು ಬಯಸುವುದು ಸಹಜ. ಆದರೆ ಒಳ್ಳೆಯದು ಎಂಬುದಕ್ಕೆ ಅಂಗಡಿಯಲ್ಲಿ ಒಂದು ಅರ್ಥ, ಕಲಿಯುವ ಮಗುವಿನ ಪಾಲಿಗೆ ಇನ್ನೊಂದು. ನೂರು ಸಲ ಬಿದ್ದರೂ ನೂರ ಒಂದನೆಯ ಸಲ ಹತ್ತಲು ಧೈರ್ಯ ಉಳಿಸುವ ಹಲಗೆಯೇ ಅವಳಿಗೆ ಈಗ ಒಳ್ಳೆಯದು.

ನಿಮ್ಮಲ್ಲಿ ಯಾರಾದರೂ, ಅಥವಾ ನಿಮ್ಮ ಮಕ್ಕಳು, ಹಲಗೆಯನ್ನು ಬಳಸಿ ತಿಳಿದವರಿದ್ದರೆ ದಯವಿಟ್ಟು ನಿಮ್ಮ ಅನುಭವವನ್ನು ನನಗೆ ಬರೆಯಿರಿ. ಕಾಗದದ ಲೆಕ್ಕಕ್ಕಿಂತ ಉಪ್ಪುನೀರಿನ ಲೆಕ್ಕ ದೊಡ್ಡದು. ಎಲ್ಲರಿಗೂ ಶುಭವಾಗಲಿ.